ಹಡಗಿನಲ್ಲಿದೆ
ಯುದ್ಧ ಶುರುವಾಗಿ ಹೊರದೇಶಗಳೆಲ್ಲ ನಮ್ಮೊಡನೆ ವ್ಯಾಪಾರ ನಿಷೇಧಿಸಿದಂದಿನಿಂದ ಬಿಡಿಭಾಗಗಳ ಅಂಗಡಿಯಣ್ಣನ ಬಾಯಲ್ಲಿ ಒಂದೇ ಮಾತು: “ಹಡಗಲ್ಲಿದೆ, ಬರುತ್ತೆ.” ಬಂದರಿನಲ್ಲಿ ಕಾಗೆಗಳ ಹೊರತು ಏನೂ ಇಳಿಯುತ್ತಿಲ್ಲವೆಂದು ಊರಿಗೆಲ್ಲ ಗೊತ್ತು. ಆದರೂ ಈತ ಖಾಲಿ ಕಪಾಟು ಒರೆಸಿ, ಬಾರದ ಬೇರಿಂಗುಗಳಿಗೆ ಜಾಗ ಮಾಡಿ ಕೂರುತ್ತಾನೆ. ಗಿರಾಕಿಯ ಮುಖ ಬಾಡಿದರೆ ತಡೆಯಲಾರದೆ ಅಂಗಡಿಯ ಫ್ಯಾನನ್ನೇ ಬಿಚ್ಚಿ ಬೇಕಾದ್ದು ಕಿತ್ತುಕೊಡುತ್ತಾನೆ. ಹೀಗೆ ಫ್ಯಾನು, ಸೈಕಲ್ಲು, ಹೆಂಡತಿಯ ಹೊಲಿಗೆ ಯಂತ್ರ ಎಲ್ಲವೂ ಅಸ್ಥಿಪಂಜರವಾಗಿವೆ. “ನನ್ನ ಮಿಷನ್ ಚಕ್ರ ಎಲ್ಲಿ ಹೋಯ್ತು ರೀ?” ಎಂದು ಆಕೆ ರೇಗಿದರೂ ಅದೇ ಉತ್ತರ: “ಹಡಗಲ್ಲಿದೆ ಕಣೇ.” ಮೊನ್ನೆ, ಯುದ್ಧಕ್ಕೆ ಹೋದ ಈತನ ಮಗನ ಸುದ್ದಿ ಏನಾದರೂ ಬಂತೇ ಎಂದು ಕೇಳಿದೆ. ಒರೆಸಿದ ಕಪಾಟನ್ನೇ ಮತ್ತೆ ಒರೆಸುತ್ತಾ, “ಹಡಗಲ್ಲಿದ್ದಾನೆ, ಬರ್ತಾನೆ,” ಎಂದ. ಹುಡುಗ ಹೋದದ್ದು ರೈಲಿನಲ್ಲಿ. ಹತ್ತಿಸಿ ಬಂದವರು ನಾವಿಬ್ಬರೇ.