ಕಾಕಾ ಬಿಡಿಸಿದ ರಷ್ಯನ್ ಶಬ್ದ

ಟಾಂಗಾ ಸಿಗದೇ ಹೋಗಬಹುದಿತ್ತು. ರೈಲ್ವೆ ಗೇಟು ಹಾಕಿರಬಹುದಿತ್ತು. ಡಾಕ್ಟರು ಲಕ್ಷ್ಮೇಶ್ವರದ ಬೀಗರ ಮನೆಗೆ ಹೋಗಿರಬಹುದಿತ್ತು. ದವಾಖಾನೆಯಲ್ಲಿ ಕರೆಂಟು ಹೋಗಬಹುದಿತ್ತು. ಹಾಲು ತರುವ ಮೊದಲೇ ಅದು ಉಕ್ಕೀತೆಂದು ಹೆದರುವವಳು ನಾನು. ಹಳೆಯ ರಷ್ಯನ್ ಪುಸ್ತಕದ ನುಣುಪು ಹಾಳೆಯ, ಸೀಮೆಎಣ್ಣೆಯಂಥ ಮಸಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಬೆಟಗೇರಿಯ ಆ ಮಧ್ಯಾಹ್ನ ಏನೇನು ಕೆಡಬಹುದಿತ್ತೆಂದು ಪಟ್ಟಿ ಮಾಡತೊಡಗುತ್ತೇನೆ. ಅದ್ಯಾವುದೂ ಕೆಡಲಿಲ್ಲ.

ಆ ವಾಸನೆ ನಮ್ಮ ಕಾಕಾನದು. ಗದಗಿನ ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದ ಆತ, ಅಗ್ಗಕ್ಕೆ ಸಿಗುತ್ತಿದ್ದ ಪುಸ್ತಕ ಇಟ್ಟುಕೊಂಡು ತಾನೇ ರಷ್ಯನ್ ಕಲಿತಿದ್ದ. ಮಾತಾಡಲು ಊರಲ್ಲಿ ಒಬ್ಬ ರಷ್ಯನ್ನನೂ ಇಲ್ಲವೆಂಬುದು ಅವನಿಗೆ ಅಡ್ಡಿಯಾಗಿರಲಿಲ್ಲ. ಅವನ ಹೆಂಡತಿ, ನಮ್ಮ ಚಿಗವ್ವ, ತೆಲಂಗಾಣದ ನೇಕಾರರ ಮನೆಯಿಂದ ಬಂದು ಮೂರು ತಿಂಗಳಾಗಿತ್ತು. ಕನ್ನಡ ಬರುತ್ತಿರಲಿಲ್ಲ. ನಮ್ಮಲ್ಲಿ ಹೊಸ ಸೊಸೆ ಹಿರಿಯರೆದುರು ದನಿ ಎತ್ತಬಾರದು. ಹಾಗಾಗಿ ಅವಳು ಸುಮ್ಮನಿದ್ದಷ್ಟೂ ಮನೆಯ ಮಾನ ಏರುತ್ತಿತ್ತು. "ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ, ಬಾಯಾಗ ಬೆರಳಿಟ್ರೂ ಕಚ್ಚಾಕಿ ಅಲ್ಲ" ಎಂದು ಅಜ್ಜಿ ಓಣಿಗೆಲ್ಲ ಸಾರಿದ್ದಳು. ಆ ಮಧ್ಯಾಹ್ನಕ್ಕೆ ಎರಡು ದಿನ ಮೊದಲಿಂದ ಸೊಸೆ ಊಟ ಬಿಟ್ಟಿದ್ದನ್ನೂ ಅಜ್ಜಿ ವಿನಯವೆಂದೇ ತಿಳಿದಳು.

ಆ ಮಧ್ಯಾಹ್ನ ಚಿಗವ್ವ ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮುಖವೆಲ್ಲ ಬೆವರು. ನನ್ನ ಕೈ ಎಳೆದು ಹೊಟ್ಟೆಗೆ ಒತ್ತಿಕೊಂಡು "ನೊಪ್ಪಿ, ನೊಪ್ಪಿ" ಎಂದಳು. ನೋವು ಎಂಬ ಆ ತೆಲುಗು ಮಾತು ಆಗ ತಿಳಿಯಲಿಲ್ಲ. ಕೈಯಡಿಯ ಬಿಸಿ ತಿಳಿಯಿತು. ಪಡಸಾಲೆಗೆ ಓಡಿದೆ.

ಕಾಕಾ ಗೆಳೆಯನೊಡನೆ ಚಹಾ ಕುಡಿಯುತ್ತಿದ್ದ. "ಜರ್ಮನ್ ಮಂದೀಗೆ ರಷ್ಯಾದಾಗ 'ನೇಮೆತ್ಸ್' ಅಂತಾರ. ಪೋಲೆಂಡಿನಾಗ, ಚೆಕ್ ಮಂದ್ಯಾಗೂ ಹೆಚ್ಚುಕಮ್ಮಿ ಅದ ಶಬ್ದ. ಅದರ ಬೇರು ಏನಂತೀ?"

"ಕಾಕಾ, ಚಿಗವ್ವ ಏನೋ ಅನ್ನಾಕತ್ಯಾಳ, ಹೊಟ್ಟಿ..."

"ತಡಿಯವಾ, ಇದೊಂದ ಮಾತು ಮುಗಸ್ತೀನಿ. ಕುಂಡ್ರು, ನೀನೂ ಕೇಳು. ಬೇರು ಏನಂದ್ರ, ಮೂಕ! ತಮ್ಮ ಮಾತು ಬರದಾಂವ ಅವರಿಗೆ ಮೂಕ. ಮೊದಲ ಹೊರಗಿನವ್ರಿಗೆಲ್ಲಾ ಹಂಗ ಅಂತಿದ್ರು, ಆಮ್ಯಾಲೆ ಜರ್ಮನ್ನರಿಗಷ್ಟ ಉಳೀತು."

"ಹಂಗಾದ್ರ ಮದ್ರಾಸಿನಾಗ ನಾನೂ ಮೂಕ ಅನ್ನು!"

"ನೀ ಎಲ್ಲಿ ಮೂಕ ಆಗ್ತೀಲೇ, ಸುಡುಗಾಡಿನಾಗೂ ಮಾತಾಡಾಂವ!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಚಹಾ ಮುಗಿಸಿ ಕಾಕಾ ಒಳಗೆ ಹೋದಾಗ ಚಿಗವ್ವನಿಗೆ ಎಚ್ಚರವಿರಲಿಲ್ಲ.

ಟಾಂಗಾದಲ್ಲಿ ದವಾಖಾನೆಗೆ ಒಯ್ದಾಗ, ಹೊಟ್ಟೆಯೊಳಗೆ ಕರುಳು ಒಡೆದಿದೆ ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ಅವಳು ಹೋದಳು. ಕಾಕಾ ಮತ್ತೆಂದೂ ಆ ಪುಸ್ತಕಗಳನ್ನು ಬಿಚ್ಚಲಿಲ್ಲ. ಅಜ್ಜಿಯೂ ಹೋದಳು, ಕಾಕಾನೂ ಹೋದ, ಮನೆ ಇದ್ದಲ್ಲಿ ಈಗ ಯಾರದೋ ಗೋದಾಮು. ಎರಡು ದಿನ ಮೊದಲೇ ಕರೆತರಬೇಕಿತ್ತು ಎಂಬ ಡಾಕ್ಟರ ಮಾತು ಹಿಡಿದು ಎಲ್ಲರೂ ತಪ್ಪು ನನ್ನದಲ್ಲವೆಂದು ನನ್ನನ್ನು ಬಿಟ್ಟುಬಿಟ್ಟರು. ನಾನು ಬಿಟ್ಟಿಲ್ಲ. ಅಂದು ಕೆಟ್ಟದ್ದು ಇಷ್ಟೇ: ಕಾಕಾ ಕುಂಡ್ರು ಅಂದ, ನಾನು ಕೂತೆ.