ಖಾರ ಕುಟ್ಟುವ ಮಿಷನ್ ಬಂತು

ಕೇಳ್ರಿ ಗೆಳೆಯರೇ, ನಾನು ತೂಕ ಮಾಡುವ ಕೊಟ್ಟೂರಿನ ಖಾರದಪುಡಿ ಅಂಗಡಿಗೆ ಇವತ್ತು ಕರೆಂಟಿನ ಕುಟ್ಟುವ ಮಿಷನ್ ಬಂತು. ಹೋದ ತಿಂಗಳು ಸರಕಾರ ಕನಿಷ್ಠ ಕೂಲಿ ಏರಿಸಿದ್ದನ್ನು ರೇಡಿಯೊದಲ್ಲಿ ಕೇಳಿ, ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟುವ ನಮ್ಮ ನಾಲ್ವರು ಹೆಂಗಸರಿಗೆ ಖುಷಿಯಿಂದ ಹೇಳಿದವನು ನಾನೇ.

ಮಿಷನ್ ಕೂಡಿಸಲು ಹರಪನಹಳ್ಳಿಯಿಂದ ಬಂದ ಮೆಕ್ಯಾನಿಕ್ ಬಾಬುಸಾಬ್, ಆ ನಾಲ್ವರಲ್ಲಿ ಒಬ್ಬಳಾದ ಮಾಬುಬಿಯ ತಮ್ಮ. ಇದು ಅಕ್ಕನ ಕೆಲಸಕ್ಕೇ ಕುತ್ತು ಎಂದು ಅವನಿಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಅಕ್ಕನಿಗೆ, "ನನ್ನ ಕೈಲೆ ಆಗಂಗಿಲ್ಲ ಆಪಾ" ಅಂದ.

"ಕೂಡ್ಸಪ್ಪ. ನೀ ಬಿಟ್ರ ಇನ್ನೊಬ್ಬ ಬಂದು ಕೂಡಸ್ತಾನ. ನಿನ್ನ ಕೂಲೀನೂ ಯಾಕ ಕಳ್ಕಂತಿ?" ಅಂದಳು ಮಾಬುಬಿ.

ಮಧ್ಯಾಹ್ನದ ಹೊತ್ತಿಗೆ ಮಿಷನ್ ಓಡಿತು. ಮಾಲೀಕರು ಮಾಬುಬಿಯನ್ನು ಕರೆದು, "ಇದಕ್ಕ ಕಾಯಿ ಹಾಕಾಕ ಒಬ್ಬಾಕಿ ಸಾಕು. ನೀ ಇರು, ಹೊಸ ಕೂಲೀನ ಕೊಡ್ತೀನಿ" ಅಂದರು.

ಅವಳು ಪಕ್ಕದಲ್ಲಿ ಒನಕೆ ಹಿಡಿದು ನಿಂತಿದ್ದ ಹೊನ್ನಮ್ಮನನ್ನು ತೋರಿಸಿ, "ಈಕೀನ ಇಟ್ಕೊಳ್ರಿ ಸಾವ್ಕಾರ್ರ. ಗಂಡ ಹಾಸಿಗಿ ಹಿಡದಾನ, ಮನಿಯಾಗ ದುಡಿಯೋರು ಯಾರೂ ಇಲ್ಲ. ನನಗ ತಮ್ಮ ಅದಾನ" ಅಂದಳು.

ಹೊನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಳಿದಿಬ್ಬರು ಒನಕೆಗಳನ್ನು ಗೋಡೆಗೆ ಒರಗಿಸಿ ಹೊರಟುಹೋದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅಂತೂ ಸರಕಾರದ ಹೊಸ ಕೂಲಿ ಇವತ್ತಿನಿಂದ ನಮ್ಮ ಅಂಗಡಿಯ ಕೂಲಿ ಹೆಂಗಸರೆಲ್ಲರಿಗೂ ಪೂರ್ತಿ ಸಿಗುತ್ತದೆ. ಈಗ ಇರುವುದು ಒಬ್ಬಳೇ.