ಹಿಂದೆನಾ, ಮುಂದೆನಾ?

ಪ್ಯಾರೇಜಾನ್ ಭಾಯ್ ಅವರ ಗಾಡಿಗೆ ಕನ್ನಡಿ ಇರಲಿಲ್ಲ. ಚಿಂತಾಮಣಿಯಲ್ಲಿ ಮೂವತ್ತು ವರ್ಷ ಬೈಕ್ ಮೆಕ್ಯಾನಿಕ್ ಆಗಿದ್ದವರು. ನಮ್ಮ ಗಾಡಿಗಳ ಎರಡು ಕನ್ನಡಿಗಳಲ್ಲಿ ಒಂದು ಸಡಿಲವಾಗಿದ್ದರೂ ಕೀ ಕಿತ್ತುಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಿಮ್ಮದಕ್ಕೆ ಯಾಕಿಲ್ಲ ಎಂದರೆ ಒಂದೇ ಉತ್ತರ: “ನಾನು ಲಾಸ್ಟು ಮೇಷ್ಟ್ರೇ. ನನ್ ಹಿಂದೆ ಯಾರವ್ರೆ ನೋಡಕ್ಕೆ?”

ಅದು ನಿಜವೇ. ಭಾನುವಾರ ಬೆಳಗ್ಗೆ ನಾವು ಏಳು ಜನ ಗಾಡಿ ತೆಗೆದುಕೊಂಡು ಸ್ಕಂದಗಿರಿಯ ಕಡೆಗೋ ಪೆರೇಸಂದ್ರದ ಇಡ್ಲಿ ಹೋಟೆಲಿಗೋ ಹೊರಟರೆ, ಭಾಯ್ ಎಲ್ಲರಿಗಿಂತ ಕೊನೆಯಲ್ಲಿ ಬರುವರು. ದಾರಿಯಲ್ಲಿ ಯಾರ ಗಾಡಿ ನಿಂತರೂ ಅವರಿಗೆ ಸಿಗಬೇಕು ಎಂಬುದು ಲೆಕ್ಕಾಚಾರ. ನಿಂತ ಗಾಡಿಯ ಇಂಜಿನ್ನಿಗೆ ಸ್ಕ್ರೂಡ್ರೈವರ್ ತುದಿ, ಹಿಡಿಯ ಕಡೆ ತಮ್ಮ ಕಿವಿ ಇಟ್ಟು, ಒದ್ದು ಸ್ಟಾರ್ಟ್ ಮಾಡಿ ಎನ್ನುವರು. ಕಣ್ಣು ಮುಚ್ಚಿ ಕೇಳಿದ ಮೇಲೆ ತೀರ್ಪು. “ಗಾಡಿಗೇನೂ ಆಗಿಲ್ಲ. ಓಡ್ಸೋರಿಗೇ ಏನೋ ಆಗೈತೆ.” ನನಗೆ ಈ ಮಾತು ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಟ್ಟಿಲ್ಲ. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು, ಗಾಡಿಯ ವಿಷಯದಲ್ಲಿ ಅಷ್ಟಕ್ಕಷ್ಟೆ.

ನಮ್ಮ ಕಡೆ ಎದ್ದು ಹೊರಡುವಾಗ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಬಾಯಿ ತಪ್ಪಿ ಅಂದರೂ ಮನೆಯ ಹೆಂಗಸರು ಗದರುತ್ತಾರೆ. ‘ಬರ್ತೀನಿ’ ಎನ್ನಬೇಕು. ತೆಲುಗಿನವರು ‘ವಸ್ತಾ’ ಎನ್ನುತ್ತಾರೆ, ಭಾಯ್ ಮನೆಯಲ್ಲಿ ‘ಜಾಕೋ ಆತೂಂ’. ಮೂರು ಭಾಷೆಯಲ್ಲೂ ಹೋಗುವವನು ಬರುತ್ತೇನೆಂದೇ ಹೇಳಬೇಕು. ನಿಜವಾಗಿ ಬರುವವನೂ ಹೇಳುವುದು ಅದನ್ನೇ.

ಒಂದು ವರ್ಷ ಗಾಡಿಗಳನ್ನು ರೈಲಿಗೆ ಹಾಕಿ, ಮನಾಲಿಯಿಂದ ಲೇಹ್‌ವರೆಗೆ ಹೊರಟೆವು. ಮುಂದಾಳು ನಾನು, ಮ್ಯಾಪು ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಬಾರಾಲಾಚಾ ಘಟ್ಟ ಹತ್ತುವ ದಿನ ಬೆಳಗ್ಗೆಯೇ ಮಳೆ ಹಿಡಿಯಿತು. ಚಹಾ ಕುಡಿಯುವಾಗ ಭಾಯ್, “ಮುಂದೆ ಹಳ್ಳ ತುಂಬಿರ್ತದೆ. ಯಾರಾನ ಮೊದ್ಲು ಹೋಗಿ ನೀರು ನೋಡ್ಬೇಕು” ಎಂದಿದ್ದರು.

ತುತ್ತತುದಿಯಲ್ಲಿ ಎಲ್ಲರೂ ನಿಂತೆವು. ಮಳೆ ಅರ್ಧ ಹಿಮವಾಗಿ ಮುಖಕ್ಕೆ ಚುಚ್ಚುತ್ತಿತ್ತು. ಮಂಜಿನಲ್ಲಿ ಎರಡು ಗಾಡಿ ದೂರ ಕಾಣುತ್ತಿರಲಿಲ್ಲ. ಭಾಯ್ ನನ್ನ ಹೆಲ್ಮೆಟ್ಟಿನ ಮೇಲೆ ತಟ್ಟಿ, “ಬರ್ತೀನಿ ಮೇಷ್ಟ್ರೇ” ಎಂದು ಮಂಜಿನೊಳಗೆ ಹೋದರು. ನೀರು ನೋಡಲು ಹೊರಟರು, ಹೇಳಿ ಹೋಗುತ್ತಿದ್ದಾರೆ ಎಂದುಕೊಂಡೆ. “ಭಾಯ್ ಮುಂದೆ ಹೋದ್ರು, ನಡೀರಿ” ಎಂದು ಉಳಿದವರನ್ನೂ ಹೊರಡಿಸಿದೆ.

ಇಳಿಯುವಾಗ ಕನ್ನಡಿಯಲ್ಲಿ ಅವರು ಕಾಣಲಿಲ್ಲ. ಕಾಣದಿರುವುದೇ ಸರಿ ಎಂದು ಇನ್ನೂ ಜೋರಾಗಿ ಓಡಿಸಿದೆವು. ಹಳ್ಳ ದಾಟಿ, ಮುಕ್ಕಾಲು ಗಂಟೆಯ ಮೇಲೆ ಸಿಕ್ಕ ಚಹಾ ಟೆಂಟಿನಲ್ಲಿ ವಿಚಾರಿಸಿದರೆ, ಬೆಳಗ್ಗಿನಿಂದ ಈ ಕಡೆ ಒಂದು ಬೈಕೂ ಬಂದಿಲ್ಲ ಎಂದರು. ಆ ಎತ್ತರದ ಚಳಿಯಲ್ಲಿ ನೆನೆದ ಮನುಷ್ಯ ಎಷ್ಟು ಹೊತ್ತು ತಡೆದಾನು?

ನಮ್ಮ ಗುಂಪಿನಲ್ಲಿದ್ದ ಗೌರಿಬಿದನೂರಿನ ನಂಜೇಗೌಡನನ್ನು ಕರೆದುಕೊಂಡು ವಾಪಸ್ ಹತ್ತಿದೆ. ಅರ್ಧ ದಾರಿಗೆ ನಂಜೇಗೌಡ ಪಕ್ಕಕ್ಕೆ ಬಂದು ಕೂಗಿದ: “ನಿಮಗೆ ಅವರು ಏನಂದ್ರು ಸಾರ್, ಸರಿಯಾಗಿ ಹೇಳಿ.” ಬರ್ತೀನಿ ಅಂದರು ಎಂದೆ. ಅವನು ಗಾಡಿಯ ವೇಗ ಹೆಚ್ಚಿಸಿದ.

ನಾವು ನಿಂತಿದ್ದ ಜಾಗದಿಂದ ಐವತ್ತು ಹೆಜ್ಜೆ ಹಿಂದೆ, ಒಂದು ಕಲ್ಲುಗುಪ್ಪೆಯ ಮರೆಯಲ್ಲಿ, ಕೆಟ್ಟು ನಿಂತ ತಮ್ಮ ಗಾಡಿಯ ಪಕ್ಕ ಭಾಯ್ ಕೂತಿದ್ದರು. ರೇನ್‌ಕೋಟು ಮೈಮೇಲಿರಲಿಲ್ಲ, ಇಂಜಿನ್ನಿಗೆ ಹೊದಿಸಿದ್ದರು. ನೀರು ಕುಡಿದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಒಣಗಲೆಂದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

“ಬರ್ತೀನಿ ಅಂದಿದ್ನಲ್ಲ ಮೇಷ್ಟ್ರೇ.”

“ಹೊರಟಿರಿ ಅಂದ್ಕೊಂಡೆ ಭಾಯ್.”

ಹಲ್ಲು ಕಟಕಟ ಎನ್ನುತ್ತಿದ್ದರೂ ನಕ್ಕರು. “ಕನ್ನಡ ಮೇಷ್ಟ್ರಿಗೇ ಕನ್ನಡ ತಿಳೀಲಿಲ್ವಾ?”

ಟೆಂಟಿನಲ್ಲಿ ಅವರು ಎರಡು ದಿನ ಜ್ವರದಲ್ಲಿ ಮಲಗಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಒಂದು ಕಾನೂನು ಮಾಡಿದರು. ಅಂದಿನಿಂದ ಯಾರು ‘ಬರ್ತೀನಿ’ ಎಂದರೂ ಬಿಡದೆ ಕೇಳುವರು: “ಹಿಂದೆನಾ, ಮುಂದೆನಾ?” ಹೇಳದೆ ಹೊರಡುವಂತಿಲ್ಲ. ಊರಿಗೆ ಬಂದ ಮೇಲೂ ಅದು ಹೋಗಲಿಲ್ಲ. ಗ್ಯಾರೇಜಿನಿಂದ ಎದ್ದವನು “ಹಿಂದೆ ಭಾಯ್, ನೀವು ನಡೀರಿ” ಎನ್ನಬೇಕು, ಅವರು ಹೊಟ್ಟೆ ಹಿಡಿದುಕೊಂಡು ನಗಬೇಕು. ಎಲ್ಲರೂ ನಗುವಾಗ ನಾನು ನಕ್ಕರೂ ಆ ಕಲ್ಲುಗುಪ್ಪೆ ಕಣ್ಣಿಗೆ ಕಟ್ಟುತ್ತಿತ್ತು.

ಮೂರು ವರ್ಷದ ಮೇಲೆ ಅವರ ಕಿಡ್ನಿ ಕೈಕೊಟ್ಟಿತು. ಆ ಮಳೆಗೂ ಈ ಕಾಯಿಲೆಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಎರಡು ಸಲ ಕೇಳಿದ್ದೆ.

ಕಡೆಯ ಸಲ ನೋಡಿದ್ದು ಅವರು ತೀರಿಕೊಳ್ಳುವ ನಾಲ್ಕು ದಿನ ಮುಂಚೆ, ಅವರ ಮನೆಯಲ್ಲಿ. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು. ಮಂಚದ ಪಕ್ಕ ಒಂದು ಗಂಟೆ ಕೂತು ಎದ್ದು, “ಬರ್ತೀನಿ ಭಾಯ್” ಎಂದೆ. ಮುಚ್ಚಿದ್ದ ಕಣ್ಣು ತೆರೆದರು.

“ಹಿಂದೆನಾ, ಮುಂದೆನಾ?”

“ಹಿಂದೆ ಭಾಯ್, ನೀವು ನಡೀರಿ.”

ರೂಢಿಯಂತೆ ಬಾಯಿಂದ ಬಂದುಬಿಟ್ಟಿತು. ಊರು ದಾಟಿ ಶಿಡ್ಲಘಟ್ಟದ ರಸ್ತೆಗೆ ಬಿದ್ದ ಮೇಲೆ ನಾನು ಹೇಳಿದ್ದೇನೆಂದು ನನಗೆ ಹೊಳೆಯಿತು. ಗಾಡಿ ತಿರುಗಿಸಿದೆ.

ಬಾಗಿಲಲ್ಲಿ ಅವರ ಹೆಂಡತಿ ಇದ್ದರು. ಒಳಗೆ ಭಾಯ್ ನಿದ್ದೆ ಹೋಗಿದ್ದರು. ಬಾಯಿ ತಪ್ಪಿ ಏನೋ ಅಂದುಬಿಟ್ಟೆ ಭಾಭಿ, ಅವರಿಗೆ ಬೇಜಾರಾಯಿತೇನೋ ಎಂದು ತಡವರಿಸಿದೆ.

“ಇಲ್ಲಪ್ಪ. ನಗ್ತಾನೇ ಮಲಗಿದ್ರು,” ಎಂದರು ಆಕೆ. “ಈ ಸಲ ಮೇಷ್ಟ್ರು ಸರಿಯಾಗಿ ತಿಳ್ಕೊಂಡ್ರು ಅಂದ್ರು.”